ಟವೆಲ್ ಹಾಕದ ದಲ್ಲಾಳಿ

ವಿಜಯಪುರದ ಕುರಿ ವ್ಯಾಪಾರಿ ಸೈಫುದ್ದೀನ ರೂಢಿಯಂತೆ ಹೆಗಲ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡು ಮುಂದೆ ಚಾಚಿದ. ಎದುರಿಗೆ ನಿಂತವಳು ಹುಡುಗಿ ಎಂದು ನೆನಪಾದದ್ದೇ, ಕಾದ ಹಂಚು ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. ಬಬಲೇಶ್ವರದ ಸಂತೆಯಲ್ಲಿ ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು.

ನಗದೆ ಏನು ಮಾಡಿಯಾರು! ಇಲ್ಲಿ ಕುರಿಯ ದರ ಯಾರೂ ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನು ಟವೆಲ್ ಕೆಳಗೆ ದಲ್ಲಾಳಿಯ ಬೆರಳು ಒತ್ತಿ ದರ ತಿಳಿಸುತ್ತಾನೆ, ದಲ್ಲಾಳಿ ಹೋಗಿ ಮಾರುವವನ ಬೆರಳು ಒತ್ತುತ್ತಾನೆ. ಮುಗಿಯಿತು ವ್ಯಾಪಾರ. ಕಂಡವರ ಕೈ ಹಿಡಿದು ಹೆಣ್ಣುಮಗಳು ದಲ್ಲಾಳಿತನ ಮಾಡುವುದನ್ನು ಎಲ್ಲಾದರೂ ಕೇಳಿದ್ದೀರಾ?

"ನೋಡಿದ್ಯಾ?" ಎಂದ ಅವಳ ತಂದೆ ಬೀರಣ್ಣ. ಅವನು ಈ ಸಂತೆಯ ಹಳೆಯ ದಲ್ಲಾಳಿ. "ಇಕನಾಮಿಕ್ಸ್ ತಗೊಂಡು ಬಿ.ಎ. ಮಾಡಿದಾಕಿ ನೀನು. ಬ್ಯಾಂಕ್ ಪರೀಕ್ಷಾ ಬರಿ ಅಂದ್ರ ಒಲ್ಲಿ, ಬಿ.ಎಡ್. ಮಾಡು ಅಂದ್ರ ಒಲ್ಲಿ. ಇವತ್ತ ಒಂದರ ವ್ಯಾಪಾರ ಕುದುರಸ್ತೇನಿ, ಇಲ್ಲಂದ್ರ ಸುಮ್ನ ಕೋಚಿಂಗಿಗೆ ಹೋಗ್ತೇನಿ ಅಂತ ಮಾತು ಕೊಟ್ಟಿ. ನೆನಪೈತಿಲ್ಲ?"

"ಐತಿ ಯಪ್ಪಾ. ಸಂತಿ ಇನ್ನೂ ಮುಗದಿಲ್ಲ," ಎಂದು ಮಗಳು ಪರಸವ್ವ ಸೈಫುದ್ದೀನನ ಕಡೆ ತಿರುಗಿದಳು. "ಕಾಕಾ, ಬೆರಳು ಬ್ಯಾಡ. ಈ ಜೋಡಿ ಟಗರಿಗೆ ಏನು ಕೊಡ್ತೀರಿ, ಬಾಯಿಲೆ ಹೇಳ್ರಿ."

"ಬಾಯಿಲೆ? ಎಲ್ಲಾರಿಗೂ ಕೇಳ್ತದಲ್ಲ ತಂಗಿ!"

"ಕೇಳ್ಲಿ ಅಂತನ ಹೇಳ್ರಿ ಅಂದೆ. ನೆರೆದ ಮಂದಿಗೆಲ್ಲ ದರ ಗೊತ್ತಾದ್ರನ ಅದು ಸಂತಿ, ಇಲ್ಲಂದ್ರ ಬರೇ ಗದ್ಲ. ಮೂರು ವರ್ಷ ನಾ ಓದಿದ್ದು ಇದನ್ನ."

ಬೀರಣ್ಣ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ದನಿ ಇಳಿಸಿದ. "ಹುಚ್ಚಿ ಅದಿಯೇನ ಬೇ? ಅವ್ರು ನನಗ ಒತ್ತೂದು ಒಂದು, ನಾ ಮಾರಾವಗ ಒತ್ತೂದು ಒಂದು. ನಡುವಿಂದು ನಮ್ಮ ಹೊಟ್ಟಿಗೆ. ನಿನ್ನ ಕಾಲೇಜು ಆಗಿದ್ದೂ ಅದರಾಗನ."

ಅಪ್ಪ ತೆಗೆದುಕೊಳ್ಳುವುದು ಗೊತ್ತುಮಾಡಿದ ದಲಾಲಿ ಅಷ್ಟೇ ಎಂದೇ ಪರಸವ್ವ ಇಷ್ಟು ದಿನ ನಂಬಿದ್ದಳು. ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ರಟ್ಟೆ ಬಿಡಿಸಿಕೊಂಡಳು. ನೇರ ಹೋಗಿ ಟಗರುಗಳ ನಡುವೆ ನಿಂತಳು.

"ಕಾಖಂಡಕಿ ಊರಿನ ಶಂಕರೆಪ್ಪ ಮುತ್ಯಾನ ಟಗರು ಅದಾವರೀ! ಹಲ್ಲು ನೋಡ್ರಿ, ಬೆನ್ನು ಹಿಚುಕಿ ನೋಡ್ರಿ, ದರ ಬಾಯಿಲೆ ಹೇಳ್ರಿ! ನನ್ನ ದಲಾಲಿ ನೂರಕ್ಕ ಎರಡು, ಅದನ್ನೂ ಎಲ್ಲಾರ ಮುಂದನ ಹೇಳಾಕತ್ತೇನಿ!"

ಇಬ್ಬರು ಬಂದು ಟಗರಿನ ಬೆನ್ನು ಹಿಚುಕಿ ನೋಡಿ ಹಿಂದೆ ಸರಿದರು. ಅವಳು ಮತ್ತೊಮ್ಮೆ ಕೂಗಿದಳು, ಮೊದಲಿಗಿಂತ ಜೋರಾಗಿ.

ಸೈಫುದ್ದೀನ ಗಡ್ಡ ತುರಿಸಿಕೊಂಡ. ಸುತ್ತ ನೋಡಿದ. "ಕೊಡಾವ ನಾ, ನನಗ್ಯಾಕ ನಾಚಿಕಿ?" ಎಂದು ನಕ್ಕು, "ಇಪ್ಪತ್ತನಾಕು ಸಾವಿರ!" ಎಂದ.

"ಇಪ್ಪತ್ತೈದು!" ಹಿಂದಿನಿಂದ ಯಾರೋ ಕೂಗಿದರು.

"ಅಲಾ ಇವನ! ಇಪ್ಪತ್ತಾರು, ನಡೀರಿ!" ಎಂದ ಸೈಫುದ್ದೀನ.

ಟಗರುಗಳ ಹಗ್ಗ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಮುದುಕ ಶಂಕರೆಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಸೈಫುದ್ದೀನ ದುಡ್ಡನ್ನು ನೇರ ಅವನ ಕೈಗೇ ಇಟ್ಟ. ಗೆದ್ದೆ ಎಂದು ಕುಣಿಯಬೇಕೆನಿಸಿತು ಪರಸವ್ವನಿಗೆ.

ಶಂಕರೆಪ್ಪ ಏಳಲಿಲ್ಲ. ಕೈಯಲ್ಲಿದ್ದುದನ್ನು ನೋಡಿದ, ಆಮೇಲೆ ಬೀರಣ್ಣನನ್ನು ನೋಡಿದ.

"ಬೀರಣ್ಣಾ, ಹ್ವಾದ ಸಂತ್ಯಾಗೂ ನಂದು ಇಂಥಾದ ಜೋಡಿ ಮಾರಿಕೊಟ್ಟಿದ್ದಿ. ಅವಕ್ಕ ಖರೇ ಎಷ್ಟು ಬಂದಿತ್ತೋ ಯಪ್ಪಾ?"

ಈಗ ಯಾರೂ ನಗಲಿಲ್ಲ. ಬೀರಣ್ಣ ಮಗಳ ಮುಖ ನೋಡಿದ. ಏನಾದರೂ ಹೇಳಿ ಪಾರುಮಾಡು ಎನ್ನುವಂತಿತ್ತು ಆ ನೋಟ. ಪರಸವ್ವನ ಕಣ್ಣು ತುಂಬಿ ಬಂದವು.

"ಹೇಳು ಯಪ್ಪಾ," ಎಂದಳು. "ಎಲ್ಲಾರಿಗೂ ಕೇಳೂವಂಗ ಹೇಳು."