ಅಲುಗಾಡಿದರೆ ಉರಿಯುವ ದೀಪ

ಸಂಜೆ ಮಬ್ಬಿನಲ್ಲಿ ಕಾಫಿ ಬೀಜ ಹಸನು ಮಾಡುತ್ತ ಕೂತಿದ್ದ ಅಪ್ಪನ ತಲೆಯ ಮೇಲಿನ ದೀಪ ಮತ್ತೆ ಆರಿಹೋಯಿತು.

“ನಿನ್ನ ದೀಪ ನಾನು ಸತ್ತೇ ಹೋದೆ ಅಂದ್ಕೊಂಡಿದೆ ಕಣೇ,” ಎಂದು ಗೊಣಗಿ, ಅಪ್ಪ ಕೈ ಮೇಲೆತ್ತಿ ಅಗಲವಾಗಿ ಬೀಸಿದ. ದೀಪ ಹತ್ತಿಕೊಂಡಿತು.

ಮಗಳಿಗೆ ನಾಚಿಕೆಯಾಯಿತು. ತೋಟ ನೋಡಲು ಬರುವವರಿಗೆಂದು ಕಟ್ಟಿದ ಈ ಕೇಂದ್ರದ ದೀಪಗಳನ್ನೆಲ್ಲ ಯೋಚಿಸಿ ಹಾಕಿಸಿದವಳು ಅವಳೇ. ಮಾಡಿನ ಮೇಲೆ ಸೋಲಾರ್, ಒಳಗೆ ಮನುಷ್ಯರು ಅಲುಗಾಡಿದರೆ ಮಾತ್ರ ಉರಿಯುವ ದೀಪ. ಒಂದು ಚೂರು ಕರೆಂಟೂ ಪೋಲಾಗುವಂತಿಲ್ಲ. ಆದರೆ ಹಸನು ಮಾಡುವಾಗ ಅಪ್ಪನ ಬೆರಳು ಬಿಟ್ಟರೆ ರೆಪ್ಪೆಯೂ ಅಲ್ಲಾಡುವುದಿಲ್ಲ ಎಂಬುದನ್ನು, ಹುಟ್ಟಿದಾಗಿನಿಂದ ನೋಡಿಯೂ ಮರೆತಿದ್ದಳು.

“ಬೆಳಿಗ್ಗೆ ಏಣಿ ಹಾಕಿ ಸರಿ ಮಾಡ್ತೀನಪ್ಪ.”

“ಮಾಡು ಮಾರಾಯ್ತಿ. ಬಂದವರು ಕಾಫಿ ಬಿಟ್ಟು ನನ್ನ ಸರ್ಕಸ್ ನೋಡ್ತಾರೆ.”

ಅಂಗಳದಾಚೆ, ಗಾಜಿನ ಗೋಡೆಯ ಹಿಂದೆ ಚಿಕ್ಕಪ್ಪ ಬೀಜ ಹುರಿಯುತ್ತಿದ್ದ. ಸದಾ ಸೌಟಾಡಿಸುವ ಅವನ ತಲೆಯ ಮೇಲಿನ ದೀಪ ಒಮ್ಮೆಯೂ ಆರಿರಲಿಲ್ಲ. ಅಣ್ಣತಮ್ಮಂದಿರ ಮಾತು ನಿಂತು ಬಹಳ ಕಾಲವಾಗಿತ್ತು. ಒಮ್ಮೆ ಕಳಿಸಿದ ಕಾಫಿ ಕಹಿಯೆಂದು ವಾಪಸು ಬಂದಾಗ, ಹಸನು ಸರಿಯಿಲ್ಲ ಎಂದ ತಮ್ಮ. ಹುರಿದದ್ದೇ ಸರಿಯಿಲ್ಲ ಎಂದ ಅಣ್ಣ. ಅಷ್ಟೇ. ಅಂದಿನಿಂದ “ನಿಮ್ಮಪ್ಪನಿಗೆ ಹೇಳು,” “ನಿನ್ನ ಚಿಕ್ಕಪ್ಪನಿಗೆ ಹೇಳು.” ನಡುವೆ ಇವಳು ಅಂಚೆ. ಇಬ್ಬರ ಕೋಣೆಗೂ ಎದುರುಬದುರು ಗಾಜು ಹಾಕಿಸಿದ್ದು ಹಗಲು ಬೆಳಕಿಗೆ ಎಂಬುದು ಬರೀ ನೆಪ. ಹಾಕಿಸಿ ಏನು ಬಂತು, ಇಬ್ಬರೂ ಕತ್ತೆತ್ತಿರಲಿಲ್ಲ.

ಅವಳು ಹುರಿಯುವ ಕೋಣೆಗೆ ಹೋದಾಗ ಚಿಕ್ಕಪ್ಪ ಸೌಟು ಹಿಡಿದು ಆಚೆ ನೋಡುತ್ತ ನಿಂತಿದ್ದ.

“ಅಣ್ಣ ನನಗಾ ಕೈ ಬೀಸ್ತಿರೋದು?” ಅವಳ ಮುಖ ನೋಡದೆ ಕೇಳಿದ. “ಆಗಿನಿಂದ ನೋಡ್ತಿದ್ದೀನಿ. ದೀಪ ಹತ್ತುತ್ತೆ, ಕೈ ಬೀಸ್ತಾನೆ. ನಾನು ಸುಮ್ಮನಿದ್ರೆ ಮತ್ತೆ ಬೀಸ್ತಾನೆ. ಅಂಥ ಹಟಮಾರಿ ಇಷ್ಟು ಸೋಲೋದು ಅಂದ್ರೆ...”

ನಿಜ ನಾಲಿಗೆಯ ತುದಿಗೆ ಬಂದಿತ್ತು. ಚಿಕ್ಕಪ್ಪನ ಕಣ್ಣು ನೋಡಿ ಅದನ್ನು ನುಂಗಿಕೊಂಡಳು. “ಇನ್ಯಾರಿಗೆ ಬೀಸ್ತಾರೆ ಚಿಕ್ಕಪ್ಪ, ಗೋಡೆಗಾ?”

ಆಚೆ ದೀಪ ಆರಿತು, ಹತ್ತಿತು. ಬೆಳಕಿನಲ್ಲಿ ಅಪ್ಪನ ಕೈ ಮೇಲಿತ್ತು. ಚಿಕ್ಕಪ್ಪ ಸೌಟು ಹಿಡಿದ ಕೈಯನ್ನೇ ಎತ್ತಿ ಬೀಸಿದ. ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಇನ್ನೊಮ್ಮೆ ಆಡಿತು. ದೀಪ ಆಗಲೇ ಉರಿಯುತ್ತಿತ್ತು.

ಮರುದಿನ ಬೆಳಗಿನ ಮಬ್ಬಿನಲ್ಲೇ ಅವಳು ಏಣಿ ಹೊತ್ತು ಬಂದಳು. ಅಪ್ಪ ಅವಳಿಗಿಂತ ಮೊದಲೇ ಬಂದು ಕೂತಿದ್ದ.

“ಏಣಿ ಆಚೆ ಇಡು. ಅದು ಇದ್ದ ಹಾಗೇ ಇರಲಿ.”

“ಕೆಲಸ ಮಾಡೋದು ಹೇಗಪ್ಪ?”

“ಶ್! ಅಲ್ಲಾಡಬೇಡ.”

ಮುಂದಿದ್ದ ಬೀಜದ ತಟ್ಟೆಯನ್ನು ಅವನಿನ್ನೂ ಮುಟ್ಟಿರಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು, ಆಚೆಯ ಗಾಜಿನ ಮೇಲೆ ಕಣ್ಣು ನೆಟ್ಟು, ದೀಪ ಯಾವಾಗ ಆರೀತೆಂದು ಕಾಯುತ್ತಿದ್ದ.