ಎಂಬತ್ತೇಳು ರನ್ನಿನ ಸಾಹೇಬ

ತಂತಿಯನ್ನು ವಿಕ್‌ಸ್ಟೆಡ್ ಮೂರನೇ ಸಲ ಓದಿದ. ಮೂರನೇ ಸಲವೂ ಅದು ಅದನ್ನೇ ಹೇಳಿತು.

"ಗುಮಾಸ್ತ ಬಾಬಿಕರ್‌ನ ಮೇಲ್ಮನವಿ ವಿಚಾರಣೆಗೆ ಗುರುವಾರ ಬರುತ್ತೇನೆ. ನಿಮ್ಮ ಕಡತದಲ್ಲಿ ಎಂಬತ್ತೇಳು ರನ್ ಕಂಡೆ. ಆ ಪಂದ್ಯದಲ್ಲಿ ಎದುರಾಳಿ ಕೌಂಟಿ ತಂಡದ ನಾಯಕ ನಾನೇ. ಮಾತಾಡೋಣ. ಬೇಸಿಲ್ ಟಾಪ್ಲಿ."

ಸೂಡಾನಿನ ಉತ್ತರಕ್ಕೆ, ನೈಲ್ ದಂಡೆಯ ಅಬು ಸಿದ್ರಾ ಜಿಲ್ಲೆಗೆ ಅಂಬ್ರೋಸ್ ವಿಕ್‌ಸ್ಟೆಡ್ ಹನ್ನೆರಡು ವರ್ಷಗಳಿಂದ ದೊರೆ. ಕಾನೂನು ಗೊತ್ತಿರಲಿಲ್ಲ. ಅರಬ್ಬಿ ನಾಲಿಗೆಗೆ ಹತ್ತಿರಲಿಲ್ಲ. ಲಂಡನ್ನಿನ ಆಯ್ಕೆ ಮಂಡಳಿ ಅವೆರಡನ್ನೂ ಕೇಳಿರಲೇ ಇಲ್ಲ. ಅದರ ಕಣ್ಣೆಲ್ಲ ಅವನ ಮಡಿಲಲ್ಲಿದ್ದ ವಿಶ್ವವಿದ್ಯಾಲಯದ ಕ್ರಿಕೆಟ್ ತಂಡದ ಟೋಪಿಯ ಮೇಲೆ. ಟೋಪಿಯೇನೋ ಅಸಲಿ. ಪಂದ್ಯದ ಬೆಳಿಗ್ಗೆ ಹನ್ನೊಂದು ಮಂದಿಯ ಪಟ್ಟಿ ಓದಿ, ಅವನ ತಂಡದ ನಾಯಕನೇ ತಲೆಗಿಟ್ಟದ್ದು. ಅವನ ಪಾಲಿಗೆ ಬಂದದ್ದು ಆ ಒಂದೇ ಪಂದ್ಯ.

"ಎಷ್ಟು ಹೊಡೆದೆಯಪ್ಪಾ?" ಎಂದಿದ್ದರು ಮಂಡಳಿಯ ಅಧ್ಯಕ್ಷರು.

"ಎಂಬತ್ತೇಳು ಸರ್."

"ನೆನಪಿದೆ, ನೆನಪಿದೆ! ನಾನೂ ಅಲ್ಲೇ ಕೂತು ನೋಡ್ತಿದ್ದೆ!" ಅಧ್ಯಕ್ಷರು ಮೇಜು ಕುಟ್ಟಿದರು. ಅರವತ್ತು ಸಾವಿರ ಜನರ ಹಣೆಬರಹ ಇಪ್ಪತ್ತಮೂರರ ಹುಡುಗನ ಕೈಗೆ ಬಂತು. ದಕ್ಷಿಣದ ಹಸಿರು ಜಿಲ್ಲೆ ಬೇಡ, ಒಣ ಜಾಗವೇ ಸಾಕು ಎಂದು ಅವನು ಕೇಳಿಕೊಂಡಾಗ ಅದನ್ನೂ ತ್ಯಾಗವೆಂದೇ ಬರೆದುಕೊಂಡರು.

"ಹಳೇ ಆಟಗಾರ ಮನೆಗೆ ಬರ್ತಿದ್ದಾರೆ ಅಂದ್ರೆ ಹೀಗ್ಯಾಕ್ರೀ ಬೆವರ್ತೀರಿ?" ಎಂದಳು ಹೆಂಡತಿ ಮಿಲ್ಡ್ರೆಡ್.

"ಬಿಸಿಲು ಕಣೇ."

"ಹನ್ನೆರಡು ವರ್ಷದಿಂದ ಇದೇ ಬಿಸಿಲು." ಅವಳು ಗೋಡೆಯಲ್ಲಿದ್ದ ಬ್ಯಾಟನ್ನು ಇಳಿಸಿ ಒರೆಸಿದಳು. "ಅಷ್ಟು ರನ್ ಹೊಡೆದಿದ್ದಕ್ಕೆ ಒಂದು ಕಲೆಯಾದ್ರೂ ಬೇಡ್ವೇನ್ರೀ? ಮದುವೆಗೆ ತಂದ ಹೊಸ ಪಾತ್ರೆ ಹಾಗಿದೆ."

"ಎಣ್ಣೆ ಹಚ್ಚಿ ಕಾಪಾಡಿದ್ದೀನಿ," ಎಂದು ಅವನು ಗದರಿದ.

ಎಂಬತ್ತೇಳು ಅಪ್ಪಟ ಸುಳ್ಳು. ಅದನ್ನು ಖಂಡಿತವಾಗಿ ಬಲ್ಲವರು ಆ ದಿನ ಆಟಗಾರರ ಕೊಠಡಿಯಲ್ಲಿದ್ದ ಇಪ್ಪತ್ತೆರಡು ಮಂದಿ. ಅವರಲ್ಲೊಬ್ಬ ಈಗ ರಾಜಧಾನಿ ಖಾರ್ಟೂಮಿನ ದೊಡ್ಡ ಅಧಿಕಾರಿಯಾಗಿ ಗುರುವಾರ ಊಟಕ್ಕೆ ಬರುತ್ತಿದ್ದ. ಬಾಯಿ ಬಿಟ್ಟರೆ ಮುಗಿಯಿತು. ಕೆಲಸ, ಪಿಂಚಣಿ, ಮಾನ ಮೂರೂ ಒಂದೇ ಏಟಿಗೆ ನೀರುಪಾಲು.

ಅದೂ ಯಾವ ಮೊಕದ್ದಮೆಗೆ ಬರುತ್ತಿದ್ದಾನೆ ನೋಡಿ! ಬಾಬಿಕರ್ ಹನ್ನೊಂದು ವರ್ಷ ಕಚೇರಿಯನ್ನು ಹೆಗಲ ಮೇಲೆ ಹೊತ್ತವನು. ಯಾವ ಬಾವಿ ಯಾವ ಕುಲದ್ದು ಎಂಬುದು ಅವನ ತುದಿನಾಲಿಗೆಯಲ್ಲಿತ್ತು. ಸಾಹೇಬ ಬರೆದನೆನ್ನಲಾದ ತೀರ್ಪುಗಳೆಲ್ಲ ಅವನವೇ. ಆದರೆ ಅರ್ಜಿಯಲ್ಲಿ ಶಾಲೆಯ ಕೊನೆಯ ಪರೀಕ್ಷೆ ಪಾಸು ಎಂದು ಬರೆದಿದ್ದ. ಪರೀಕ್ಷೆಗೆ ಅವನು ಕೂತೇ ಇರಲಿಲ್ಲವೆಂದು ಹೋದ ತಿಂಗಳು ಬಯಲಾಯಿತು.

"ಆ ದಿನ ಜ್ವರ ಬಂದಿತ್ತು ಸಾಹೇಬ್ರೇ. ಬರೆದಿದ್ರೆ ಪಾಸಾಗ್ತಿದ್ದೆ," ಎಂದಿದ್ದ ಬಾಬಿಕರ್.

"ಬರೆದಿದ್ರೆ! ಆಡದೇನೇ ರನ್ ಬರೆಸ್ಕೊಳ್ಳೋಕಾಗುತ್ತೇನಯ್ಯಾ?" ಎಂದು ವಿಕ್‌ಸ್ಟೆಡ್ ಅವನನ್ನು ಅಂದೇ ವಜಾ ಮಾಡಿದ್ದ. ಹಾಗೆನ್ನುವಾಗ ಅವನ ಮುಖ ಒಂದಿಷ್ಟೂ ಕೆಂಪಾಗಲಿಲ್ಲ.

ಗುರುವಾರ ಮಧ್ಯಾಹ್ನ ಟಾಪ್ಲಿ ಬಂದ. ದಪ್ಪ ಮೀಸೆ, ತೆಳು ನಗೆ. ಜಗಲಿಯ ಬೆಂಚಿನಲ್ಲಿ ಬಾಬಿಕರ್ ಕಡತ ಹಿಡಿದು ಕೂತಿದ್ದ. ಅವನನ್ನು ದಾಟಿಕೊಂಡು ಎಲ್ಲರೂ ಊಟಕ್ಕೆ ಹೋದರು. ಊರಿನ ಪಾದ್ರಿಯೂ ಬಂದಿದ್ದರು. ಕುರಿಮಾಂಸ ಬಂತು. ವಿಕ್‌ಸ್ಟೆಡ್ ತನ್ನ ಪಾಲನ್ನೂ ಅತಿಥಿಯ ತಟ್ಟೆಗೇ ಬಡಿಸಿದ.

"ಏನಯ್ಯಾ ವಿಕ್‌ಸ್ಟೆಡ್," ಟಾಪ್ಲಿ ಕೈ ಒರೆಸಿಕೊಂಡ, "ಆ ಪಂದ್ಯದ ವಿಷಯ ಇವರಿಗೆಲ್ಲ ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ನೀವೇ... ಹೇಳಿ ಸರ್." ವಿಕ್‌ಸ್ಟೆಡ್ ಖಾಲಿ ತಟ್ಟೆಗೆ ತಲೆ ಬಗ್ಗಿಸಿದ.

"ಎಂಬತ್ತೇಳು ಹೊಡೆದ್ನಮ್ಮ ನಿಮ್ಮ ಯಜಮಾನ!" ಟಾಪ್ಲಿ ಮಿಲ್ಡ್ರೆಡ್‌ಳತ್ತ ತಿರುಗಿದ. "ಅಬ್ಬಾ, ಆ ಹೊಡೆತಗಳು! ಕೊನೆಗೆ ಔಟ್ ಮಾಡಿದ್ದು ಯಾರು ಗೊತ್ತೇನು? ನಾನೇ. ಆ ದಿನ ನಂಗೆ ಆರು ವಿಕೆಟ್. ಅದನ್ನ ಕೇಳಿಯೇ ನನ್ನನ್ನ ಈ ದೇಶಕ್ಕೆ ಕಳ್ಸಿದ್ದು."

ವಿಕ್‌ಸ್ಟೆಡ್ ತಲೆಯೆತ್ತಿದ. ಟಾಪ್ಲಿಯ ಹಣೆಯೂ ಬೆವರಿತ್ತು.

"ಎಂಥ ಬಾಲ್ ಸರ್ ಅದು!" ಎಂದ ವಿಕ್‌ಸ್ಟೆಡ್, ಮೆಲ್ಲಗೆ. "ಈಗ್ಲೂ ಕನಸಲ್ಲಿ ಬರುತ್ತೆ."

"ನಾನೂ ನೋಡಿದ್ದೀನಿ ಸ್ವಾಮಿ ಆ ಪಂದ್ಯಾನ!" ಪಾದ್ರಿಗಳು ಕುರ್ಚಿಯ ತುದಿಗೆ ಬಂದರು. "ಏನು ಬಿಸಿಲು ಆ ದಿನ! ನನ್ನ ಮೂಗಿನ ಚರ್ಮವೇ ಸುಲಿದಿತ್ತು."

ವಿಚಾರಣೆ ಐದು ನಿಮಿಷದಲ್ಲಿ ಮುಗಿಯಿತು. "ಸುಳ್ಳು ಹೇಳಿ ಸರ್ಕಾರದ ಅನ್ನ ತಿಂದವನಿಗೆ ಇಲ್ಲಿ ಜಾಗವಿಲ್ಲ," ಎಂದು ಟಾಪ್ಲಿ ಸಹಿ ಹಾಕಿದ. ಬಾಬಿಕರ್ ಇಬ್ಬರಿಗೂ ಸಲಾಂ ಮಾಡಿ, ಬಾವಿಗಳ ಪಟ್ಟಿಯಿದ್ದ ಪೆಟ್ಟಿಗೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಿಸಿಲಿಗಿಳಿದ.

ಅವನು ಗೇಟು ದಾಟುವವರೆಗೆ ಕಾದು, ಟಾಪ್ಲಿ ವಿಕ್‌ಸ್ಟೆಡ್‌ನ ಕಿವಿಯ ಬಳಿ ಬಾಗಿದ.

"ಮೂರು ದಿನವೂ ಬಿಡದೆ ಸುರೀತಲ್ಲಯ್ಯಾ ಆ ಮಳೆ! ಒಂದೇ ಒಂದು ಬಾಲೂ ಬೀಳದೆ ಎಂಥ ಪಂದ್ಯ ಆಡಿಬಿಟ್ವಿ ನಾವು!"