ಸೋಮವಾರದ ಹಾಳೆ

"ಈಶ್ವರ್, ಜಲ್ದಿ ಬಾ ಇಲ್ಲಿ! ಹಾಳ್ಯಾಗ ನಾಕು ಗಂಟೆ ಅಂತೈತಿ. ಗುಡ್ಡದ ಮ್ಯಾಲಿನ ಗಣಿಯವರು ಫೋನ್ ಮಾಡಿ ಎರಡೂವರಿಗೇ ಬ್ಲಾಸ್ಟಿಂಗ್ ಅಂತಾರ. ಯಾವುದು ಖರೆ?"

ಶೈಲಜಾ ಕೂಗಿದಳು. ಹೊಸಪೇಟೆಯ ಗಣಿ ಆಫೀಸಿನಲ್ಲಿ ಕೂತು ಅವಳು ಹಾಳೆ ನೋಡಿ ಹೇಳಿದ ಮೇಲೆಯೇ ಯಶವಂತನಗರದ ಗೇಟಿನಿಂದ ಗುಡ್ಡದ ಕೆಳಗಿನ ದಾರಿಗೆ ಲಾರಿ ಬಿಡುವುದು. ಐದು ನಿಮಿಷದ ಹಿಂದಷ್ಟೇ ತಾಯಪ್ಪನ ಲಾರಿ ಬಿಡಿಸಿದ್ದಳು. ಈಗ ಎರಡು ಇಪ್ಪತ್ತೆರಡು.

ಕಂಪ್ಯೂಟರ್ ನೋಡಿಕೊಳ್ಳುವ ಈಶ್ವರ್ ಪರದೆಯತ್ತ ಬಗ್ಗಿದ. ಬಂಡೆ ಸಿಡಿಸುವ ವೇಳೆ ಬರೆದ ಹಾಳೆಯ ಚಿತ್ರವನ್ನು ಗುಡ್ಡದವರು ದಿನಾ ಕಂಪನಿಯ ವೆಬ್‌ಸೈಟಿಗೆ ಹಾಕುತ್ತಾರೆ. ಚಿತ್ರದ ಹೆಸರು ಯಾವಾಗಲೂ ಅದೇ. ವಿಳಾಸದ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ, ಅದರ ನಂತರ, ದಿನಾ ಹೊಸ ಚಿತ್ರವೇ ಬರಲೆಂದು, ಆ ದಿನದ ತಾರೀಖು. ವಿಳಾಸದಲ್ಲಿ ಇವತ್ತಿನ ತಾರೀಖೇ ಇತ್ತು. ಆದರೆ ಚಿತ್ರದೊಳಗೆ, ಯಾರೂ ಗಮನಿಸದ ಒಂದು ಮೂಲೆಯಲ್ಲಿ, ಸೋಮವಾರ ಎಂದಿತ್ತು. ಇವತ್ತು ಬುಧವಾರ.

ಒಮ್ಮೆ ಬಂದ ಚಿತ್ರದ ಕಾಪಿ ಇಟ್ಟುಕೊಂಡು ಇಡೀ ಆಫೀಸಿಗೆ ಹಂಚುವ ಪ್ರಾಕ್ಸಿ ಯಂತ್ರ ಅವನದೇ ಸುಪರ್ದಿಯಲ್ಲಿತ್ತು. ಇಂಟರ್‌ನೆಟ್ ಲೈನು ಭಾರೀ ನಿಧಾನ ಎಂದು ಎಲ್ಲರೂ ಗೊಣಗಿದ್ದಕ್ಕೆ ಸೋಮವಾರ ಅದಕ್ಕೊಂದು ಜಾಣತನ ಕಲಿಸಿದ್ದ: ಪ್ರಶ್ನಾರ್ಥಕ ಚಿಹ್ನೆಯ ನಂತರದ್ದನ್ನು ನೋಡಲೇಬೇಡ, ಹೆಸರು ಒಂದೇ ಆದರೆ ಇಟ್ಟಿರುವುದನ್ನೇ ಕೊಡು. ಯಂತ್ರ ಚಾಚೂ ತಪ್ಪದೆ ಕೇಳಿತ್ತು. ಮನುಷ್ಯನಾಗಿದ್ದರೆ ಒಂದು ಮಾತಾದರೂ ಎದುರಾಡುತ್ತಿದ್ದ.

"ನಮ್ದು ಹಳೇದು, ಶೈಲಕ್ಕ. ಅವರದೇ ಖರೆ," ಎನ್ನುತ್ತ ಫೋನಿಗೆ ಕೈ ಹಾಕಿದ. ಗುಡ್ಡದ ಆಫೀಸಿನ ಫೋನು ಎಂಗೇಜ್. ತಾಯಪ್ಪನ ಬಳಿ ಮೊಬೈಲ್ ಇರಲಿಲ್ಲ. ಮದ್ದು ಸಿಡಿಸುವ ಫೋರ್‌ಮನ್ ಉಜ್ಜಿನಪ್ಪನ ನಂಬರು ಎರಡು ಸಲ ಸಿಗಲಿಲ್ಲ. ಮೂರನೆಯ ಸಲ ರಿಂಗಾಯಿತು, ಎತ್ತಲಿಲ್ಲ. ಎರಡು ಇಪ್ಪತ್ತೆಂಟು. ಶೈಲಜಾ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಮತ್ತೆ ಒತ್ತಿದ.

"ಯಾರ್ರಿ?"

"ಸಿಡಿಸಬ್ಯಾಡ್ರಿ! ಕೆಳಗ ದಾರ್ಯಾಗ ತಾಯಪ್ಪನ ಲಾರಿ ಐತಿ! ನಿಲ್ಸ್ರಿ!"

ಆ ಕಡೆ ಒಂದು ಬೈಗುಳ, ಸೀಟಿ, ಓಡುವ ಕಾಲುಗಳು. ಸಿಡಿದ ಸದ್ದು ಬರಲಿಲ್ಲ. ಈಶ್ವರ್ ಫೋನಿಟ್ಟು, ಪ್ರಾಕ್ಸಿಗೆ ಕಲಿಸಿದ್ದ ಜಾಣತನವನ್ನು ಅಳಿಸಿಹಾಕಿದ.

ಸಂಜೆ ತಾಯಪ್ಪ ಆಫೀಸಿಗೇ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ನಿಮ್ಮಿಂದ ಜೀವ ಉಳೀತ್ರಿ, ಸರ."

"ನನ್ನಿಂದನೇ ಹೋಗ್ತಿತ್ತು," ಎಂದ ಈಶ್ವರ್. ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದ.

ತಾಯಪ್ಪ ಹಿಡಿದ ಕೈ ಬಿಟ್ಟ. "ಹಂಗಾದ್ರ ನಿನ್ನೆನೂ ಹಳೇ ಹಾಳೆನಾ? ನಿನ್ನೆ ದಾರ್ಯಾಗ ಎಲ್ಲಿಂದಲೋ ಕಲ್ಲು ಬಂದು ನನ್ನ ಲಾರಿ ಗಾಜು ಒಡೀತ್ರಿ. ಮುಂದಿನ ಲಾರಿಯಿಂದ ಬಿದ್ದದ್ದು ಅಂತ ಅದರ ಡ್ರೈವರ್ ಹೊನ್ನೂರುಸ್ವಾಮಿನ್ನ ಕೆಳಗ ಇಳಿಸಿ ಕಪಾಳಕ್ಕ ಎರಡು ಬಿಟ್ಟೆ. ನಂದಲ್ಲಪಾ, ನಂದಲ್ಲ ಅಂತ ಅತ್ತ."

ಈಶ್ವರ್‌ನ ಕೈ ತಾನಾಗಿಯೇ ತನ್ನ ಕೆನ್ನೆಗೆ ಹೋಯಿತು.